ಕೊಟ್ಟದ್ದು ತಲುಪಬೇಕು

ಜೈನರು ಹೇಳುವ ನಾಲ್ಕು ದಾನಗಳಲ್ಲಿ ಆಹಾರ, ಔಷಧ, ಅಭಯಗಳ ಜೊತೆಗೆ ಶಾಸ್ತ್ರದಾನವೂ ಒಂದು. ಅದರ ಗುಣವೇ ಬೇರೆ. ಕಾಳು ಕೊಟ್ಟವರ ಹಗೇವು ಕೊಟ್ಟಷ್ಟು ಬರಿದಾಗುತ್ತದೆ; ಗ್ರಂಥವನ್ನು ಪ್ರತಿ ಮಾಡಿಸಿ ಕೊಟ್ಟವರ ಮೂಲಪ್ರತಿ ಇದ್ದಲ್ಲೇ ಇರುತ್ತದೆ. ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದು ಇಂಥ ದಾನ. ಆದರೆ ಅಲ್ಲಿಯೂ ಓಲೆಗರಿಯ ಖರ್ಚಿತ್ತು, ಲಿಪಿಕಾರರ ಬೆವರಿತ್ತು. ಇಂದು ಲಕ್ಕುಂಡಿ ಇರುವ ಗದಗ ಜಿಲ್ಲೆಯದೇ ಆದ ಸೂಡಿಯಲ್ಲಿ ಯಾರಾದರೂ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಕಳಿಸಿದರೆ ಆ ಖರ್ಚೂ ಇಲ್ಲ, ಬೆವರೂ ಇಲ್ಲ. ಏನನ್ನೂ ಕಳೆದುಕೊಳ್ಳದೆ ಕೊಡಬಹುದಾದರೆ ಕೊಡುವುದರಲ್ಲಿ ಧರ್ಮವೆಂಬುದು ಎಲ್ಲಿ ಉಳಿಯಿತು? ಕೊಟ್ಟದ್ದು ಪಡೆದವರ ಕೈಯಲ್ಲಿ ಬಳಕೆಗೆ ಬರುವಂತೆ ಮಾಡುವುದರಲ್ಲಿ ಉಳಿದಿದೆ ಎಂಬುದು ನನ್ನ ವಾದ.

ಊರ ಶಾಲೆಯೊಂದರಲ್ಲಿ ಒಂದು ಕಂಪ್ಯೂಟರಿಗೆ ವಿಂಡೋಸ್, ಇನ್ನೊಂದಕ್ಕೆ ಉಬುಂಟು, ಎರಡೂ ಒಂದೇ ರೌಟರಿಗೆ ಸೇರಿವೆ ಎಂದುಕೊಳ್ಳೋಣ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಪಾಠವನ್ನು ಉಬುಂಟುವಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಸಾಲುಗಳು ಕಾಣುತ್ತವೆ. ಫೈಲಿನ ಒಂದು ಬೈಟೂ ಕಳೆದಿಲ್ಲ, ಆದರೂ ಪಾಠ ತಲುಪಿಲ್ಲ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಒತ್ತು, ಗುಣಿತಗಳ ಚಿತ್ರಗಳನ್ನು ಕೂರಿಸಿದ್ದವು. ಫಾಂಟು ಇಲ್ಲದಲ್ಲಿ ಉಳಿಯುವುದು ಆ ಸಂಖ್ಯೆಗಳು ಮಾತ್ರ. 1991ರ ಯೂನಿಕೋಡ್ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆ ಕೊಟ್ಟಿತು. ಅದೇ ಪಾಠವನ್ನು ಯೂನಿಕೋಡಿನಲ್ಲಿ ಉಳಿಸಿ ಕೊಟ್ಟರೆ ಎರಡೂ ಯಂತ್ರಗಳಲ್ಲಿ ಮಗು ಅದನ್ನು ಓದುತ್ತದೆ. ಕೊಡುವ ಮನಸ್ಸು ಎರಡು ಸಲವೂ ಒಂದೇ. ಪಡೆಯುವವರ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದದ್ದು ಎರಡನೆಯ ಸಲ ಮಾತ್ರ.

ಎಲ್ಲರೂ ಒಂದೇ ವ್ಯವಸ್ಥೆ ಬಳಸಿದರೆ ಈ ತೊಡಕೇ ಇಲ್ಲವಲ್ಲ ಎನ್ನಬಹುದು. ಅದು ಹಂಚಿಕೆಗೆ ಶರತ್ತು ಹಾಕಿದಂತೆ: ನನ್ನಂತಾದರೆ ಕೊಡುತ್ತೇನೆ ಎಂದಂತೆ. ಬೇರೆಬೇರೆಯವರು ಬೇರೆಯಾಗಿಯೇ ಉಳಿದು ಕೂಡಿ ಬಾಳಬಹುದು ಎಂಬುದಕ್ಕೆ ಸೂಡಿಯ ಕಲ್ಲೇ ಸಾಕ್ಷಿ. ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದ ಅಕ್ಕಾದೇವಿಯ ಕಾಲದ, 11ನೆಯ ಶತಮಾನದ ನಡುಭಾಗದ ಶಾಸನವೊಂದು ಅಲ್ಲಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಇದ್ದ ಕಟ್ಟಳೆಯನ್ನು ನವೀಕರಿಸಿದ್ದನ್ನು ದಾಖಲಿಸುತ್ತದೆ. ಸೆಟ್ಟಿಗಳು ಒಕ್ಕಲಾಗಬೇಕಿರಲಿಲ್ಲ, ಒಕ್ಕಲು ಸೆಟ್ಟಿಗಳಾಗಬೇಕಿರಲಿಲ್ಲ. ನಡುವಿನ ಕಟ್ಟಳೆ ಯಾರೊಬ್ಬರ ಪೆಟ್ಟಿಗೆಯಲ್ಲೂ ಅಡಗದೆ ಕಲ್ಲಿನ ಮೇಲೆ ಇತ್ತು, ಅಷ್ಟೇ. ಕಂಪ್ಯೂಟರುಗಳ ನಡುವಿನ ಕಟ್ಟಳೆ ಬಹುಕಾಲ ಹಾಗಿರಲಿಲ್ಲ. ವಿಂಡೋಸ್ ಫೈಲ್ ಹಂಚುವ ಎಸ್‌ಎಂಬಿ ವಿಧಾನದ ಪೂರ್ಣ ವಿವರ ಹೊರಗಿನವರಿಗೆ ಸಿಗುತ್ತಿರಲಿಲ್ಲ. ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ 1992ರಿಂದ ತಂತಿಯ ಮೇಲೆ ಯಂತ್ರಗಳು ಆಡಿಕೊಳ್ಳುವುದನ್ನು ಗಮನಿಸಿ ಗಮನಿಸಿಯೇ ಆ ವಿಧಾನವನ್ನು ಬೇರೆ ವ್ಯವಸ್ಥೆಗಳಿಗೂ ತರುವ ಸಾಂಬಾ ತಂತ್ರಾಂಶ ಕಟ್ಟಿದರು. ಯುರೋಪಿಯನ್ ಕಮಿಷನ್ 2004ರಲ್ಲಿ ಇಂಥ ವಿವರ ಕೊಡುವಂತೆ ಆದೇಶಿಸಿ, 2007ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿದ ಮೇಲೆ ಮೈಕ್ರೋಸಾಫ್ಟಿನ ದಾಖಲೆಗಳು ಸಾಂಬಾ ತಂಡಕ್ಕೆ ದೊರೆತವು. ನಿಯಮವನ್ನು ಬಚ್ಚಿಟ್ಟು ಫೈಲನ್ನು ಮಾತ್ರ ಕೊಡುವುದು ಅರೆಕೊಡುಗೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಬಾಗಿಲು ತೆರೆದಿಟ್ಟರೆ ಕಳ್ಳರೂ ಬರುತ್ತಾರಲ್ಲ? 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹಬ್ಬಿದ್ದು ಇದೇ ಎಸ್‌ಎಂಬಿಯ ಹಳೆಯ ಆವೃತ್ತಿಯ ದೋಷವನ್ನು ಹಿಡಿದು. ಅದು ಬ್ರಿಟನ್ನಿನ ಆಸ್ಪತ್ರೆಗಳನ್ನೂ ಕಾಡಿತು. ಆದರೆ ಅದನ್ನು ಸರಿಪಡಿಸುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಕೆಡುಕಿಗೆ ದಾರಿಯಾದದ್ದು ಹಂಚಿಕೆಯಲ್ಲ, ದುರಸ್ತಿಯಾಗದೆ ಉಳಿದ ಬಿರುಕು. ನಾನು ಹೇಳುವ ಹಂಚಿಕೆ ಎಲ್ಲವನ್ನೂ ಎಲ್ಲರಿಗೂ ಚೆಲ್ಲುವುದಲ್ಲ. ಪಾಠದ ಫೋಲ್ಡರನ್ನು ಎಲ್ಲರೂ ಓದಲಿ, ತಿದ್ದುವ ಅನುಮತಿ ಶಿಕ್ಷಕರಿಗಿರಲಿ, ಮಕ್ಕಳ ಅಂಕಪಟ್ಟಿಯ ಫೋಲ್ಡರ್ ಬೇರೆಯವರಿಗೆ ಕಾಣದಿರಲಿ. ಸಾಂಬಾದಲ್ಲಿ ಇವೆಲ್ಲ ಕೆಲವೇ ಸಾಲುಗಳ ಕೆಲಸ. ನಾಲ್ಕು ದಾನಗಳಲ್ಲಿ ಅಭಯವೂ ಇರುವುದನ್ನು ಮರೆಯಬಾರದು: ಇನ್ನೊಬ್ಬರ ಗುಟ್ಟನ್ನು ಕಾಯುವುದೂ ಅವರಿಗೆ ಕೊಡುವುದೇ. ಬರೆದವರ ಹಕ್ಕಿನ ಮಾತೂ ಇಲ್ಲಿಗೇ ಸೇರುತ್ತದೆ. ನನ್ನದಲ್ಲದ್ದನ್ನು ಹಂಚಿ ನಾನು ದಾನಿ ಎನಿಸಿಕೊಳ್ಳಲಾರೆ.

ಹಾಗಾಗಿ ಖರ್ಚಿಲ್ಲದ ಕೊಡುಗೆಗೆ ಧರ್ಮದ ಬೆಲೆ ಇಲ್ಲ ಎನ್ನುವುದು ಸರಿಯಲ್ಲ. ಕೈಬಿಟ್ಟುಹೋಗುವ ವಸ್ತುವಿನ ಮೇಲೆ ಅಳೆಯುತ್ತಿದ್ದ ತ್ಯಾಗವನ್ನು ಈಗ ಗಮನದ ಮೇಲೆ ಅಳೆಯಬೇಕಾಗಿದೆ. ಯೂನಿಕೋಡಿನಲ್ಲಿ ಬರೆಯುವುದು, ಯಾವ ತಂತ್ರಾಂಶದಲ್ಲೂ ತೆರೆಯುವ ರೂಪದಲ್ಲಿ ಉಳಿಸುವುದು, ಅನುಮತಿಗಳನ್ನು ಯೋಚಿಸಿ ಇಡುವುದು, ಅಪ್‌ಡೇಟ್ ಮಾಡುವುದು: ಇವು ತಾಂತ್ರಿಕ ಶಿಸ್ತುಗಳಾಗಿ ಕಾಣುತ್ತವೆ, ಆದರೆ ಒಂದೊಂದರಲ್ಲೂ ನಾವು ಕಾಣದ ಒಬ್ಬ ಓದುಗನ ಅನುಕೂಲಕ್ಕಾಗಿ ನಮ್ಮ ಸ್ವಲ್ಪ ಅನುಕೂಲವನ್ನು ಬಿಟ್ಟುಕೊಡುತ್ತೇವೆ. ಅತ್ತಿಮಬ್ಬೆಯ ಲಿಪಿಕಾರರ ಬೆವರಿಗೆ ಸಮನಾದದ್ದು ನಮ್ಮ ಕಾಲದಲ್ಲಿ ಈ ಗಮನವೇ, ಮತ್ತು ಅದನ್ನು ಕೊಡುವ ಶಕ್ತಿ ಅತಿ ಸಣ್ಣ ಊರಿನ ಅತಿ ಹಳೆಯ ಕಂಪ್ಯೂಟರಿನ ಮುಂದೆ ಕೂತವರಿಗೂ ಇದೆ.