ನಾಯಿ ಮಾಡಿದ ಪಾಪ

ಮಹಾಭಾರತದ ಆದಿಪರ್ವದಲ್ಲಿ, ಸರ್ಪಯಾಗದ ಕಥೆ ಶುರುವಾಗುವುದಕ್ಕೂ ಮೊದಲು, ಒಂದು ನಾಯಿಮರಿಯ ಪ್ರಸಂಗ ಬರುತ್ತದೆ. ಕುರುಕ್ಷೇತ್ರದಲ್ಲಿ ಜನಮೇಜಯ ತನ್ನ ತಮ್ಮಂದಿರೊಡನೆ ದೀರ್ಘಸತ್ರಕ್ಕೆ ಕುಳಿತಿದ್ದಾನೆ. ಅಲ್ಲಿಗೆ ಬಂದ ಮರಿಯನ್ನು ತಮ್ಮಂದಿರು ಹೊಡೆದು ಓಡಿಸುತ್ತಾರೆ. ಅದು ಅಳುತ್ತ ತಾಯಿ ಸರಮೆಯ ಬಳಿ ಹೋಗುತ್ತದೆ. ಸರಮೆ ದೇವಲೋಕದ ನಾಯಿ. ನೀನೇ ಏನೋ ತಪ್ಪು ಮಾಡಿರಬೇಕು ಎಂದೇ ಅವಳೂ ಮೊದಲು ಹೇಳುತ್ತಾಳೆ. ಹವಿಸ್ಸನ್ನು ನೆಕ್ಕುವುದಿರಲಿ, ಕಣ್ಣೆತ್ತಿ ನೋಡಲೂ ಇಲ್ಲ ಎನ್ನುತ್ತದೆ ಮರಿ. ಆಗ ಸರಮೆ ಯಾಗಶಾಲೆಗೇ ಬಂದು, ತಪ್ಪಿಲ್ಲದವನನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅಲ್ಲಿದ್ದವರು ಬಾಯಿ ಬಿಡುವುದಿಲ್ಲ. ಕಾಣದ ಭಯವೊಂದು ನಿಮ್ಮನ್ನು ಬಂದು ಮುಟ್ಟಲಿ ಎಂದು ಶಪಿಸಿ ಹೋಗುತ್ತಾಳೆ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿ ನಮಗೆಲ್ಲ ಗೊತ್ತು. ಮೊದಲ ಪುಟಗಳಲ್ಲೇ ಪೆಟ್ಟು ತಿಂದ ಈ ಮರಿಯನ್ನು ನೆನೆಯುವವರು ಕಡಿಮೆ.

ಬೆಂಗಳೂರಿನ ನಮ್ಮ ಆಫೀಸಿಗೆ ಸಹೋದ್ಯೋಗಿಯೊಬ್ಬ ತನ್ನ ಲ್ಯಾಬ್ರಡಾರ್ ನಾಯಿಯನ್ನು ಕರೆತರಲು ಶುರುಮಾಡಿದ ಮೇಲೆ ಸರಮೆಯ ಪ್ರಶ್ನೆ ನನಗೆ ಪುರಾಣದ್ದು ಅನಿಸುತ್ತಿಲ್ಲ. ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ, ಒಂಟಿತನ ತಾಳಲಾರದೆ ತಂದುಕೊಂಡ ಮರಿ ಅದು. ನಾಯಿಮರಿ ಲೋಕವನ್ನು ನಂಬಲು ಕಲಿಯುವುದು ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದ ಒಳಗೆ. ಆ ದಿನಗಳಲ್ಲಿ ಅಪರಿಚಿತರ ಮುಖ, ಮಕ್ಕಳ ಗಲಾಟೆ, ಕಾಲಿಂಗ್ ಬೆಲ್, ಹೆಲ್ಮೆಟ್ ತೊಟ್ಟ ಮನುಷ್ಯ ಎಲ್ಲವೂ ಅದರ ಪಾಲಿಗೆ ಸಹಜವಾಗಬೇಕು. ಈ ಮರಿಗೆ ಆ ವಾರಗಳಲ್ಲಿ ಸಿಕ್ಕಿದ್ದು ಒಂದು ಫ್ಲ್ಯಾಟು, ಒಬ್ಬ ಮನುಷ್ಯ. ಈಗ ಅವನು ಬಾಗಿಲು ಹಾಕಿಕೊಂಡು ಹೊರಟರೆ ಅದು ದಿನವಿಡೀ ಊಳಿಡುತ್ತದೆ, ಅಕ್ಕಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ. ಬೇರೆ ದಾರಿ ಕಾಣದೆ ಆಫೀಸಿಗೆ ತರುತ್ತಾನೆ. ಕರೆತರುವುದರ ಹಿಂದೆ ಶೋಕಿಗಿಂತ ಕಷ್ಟ ಹೆಚ್ಚಿರುತ್ತದೆ ಎಂಬುದನ್ನು ದೂರುವವರು ಮೊದಲು ತಿಳಿಯಬೇಕು.

ಇನ್ನು ಆಫೀಸಿನಲ್ಲಿ ನಡೆಯುವುದೇನು? ನಾಯಿ ಬಂದವರ ಮೈಮೇಲೆ ಹಾರುತ್ತದೆ. ಒಬ್ಬರು ನಕ್ಕು ತಲೆ ಸವರುತ್ತಾರೆ. ಇನ್ನೊಬ್ಬರು ಕೂಗಿ ತಳ್ಳುತ್ತಾರೆ. ಮತ್ತೊಬ್ಬರು ನೋಡಿಯೂ ನೋಡದವರಂತೆ ಲ್ಯಾಪ್‌ಟಾಪಿಗೆ ಮುಖ ಹುದುಗಿಸುತ್ತಾರೆ. ಊಟದ ಹೊತ್ತಿಗೆ ಮೇಜಿನ ಕೆಳಗಿಂದ ಯಾರದೋ ಕೈ ಚಪಾತಿ ಚೂರು ಚಾಚುತ್ತದೆ, ಮರುದಿನ ಅದೇ ಡಬ್ಬಿಗೆ ಮೂತಿ ಹಾಕಿದರೆ ಅದೇ ಕೈ ಗದರಿಸುತ್ತದೆ. ಬಿ. ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಇಲಿ ಪಾರಿವಾಳಗಳಲ್ಲಿ ತೋರಿಸಿಕೊಟ್ಟ ಒಂದು ಸಂಗತಿ ಇಲ್ಲಿ ಕಣ್ಣೆದುರಿಗೇ ನಡೆಯುತ್ತದೆ: ಪ್ರತಿಸಲವೂ ಸಿಗುವ ಪ್ರತಿಫಲಕ್ಕಿಂತ, ಒಮ್ಮೆ ಸಿಕ್ಕು ಒಮ್ಮೆ ಸಿಗದೇ ಹೋಗುವ ಪ್ರತಿಫಲದಿಂದ ಬೆಳೆದ ಅಭ್ಯಾಸವನ್ನು ಬಿಡಿಸುವುದು ಬಹಳ ಕಷ್ಟ. ಗದರಿಕೆ ಕೂಡ ಅನೇಕ ನಾಯಿಗಳಿಗೆ ಸಿಕ್ಕ ಗಮನವೇ. ಕೊರಿಯರ್ ಹುಡುಗ ಬಂದಾಗ ಬೊಗಳುತ್ತದೆ, ಅವನು ಪೊಟ್ಟಣ ಕೊಟ್ಟು ಹೊರಟುಹೋಗುತ್ತಾನೆ. ತಾನು ಬೊಗಳಿದ್ದಕ್ಕೇ ಅವನು ಹೋದ ಎಂದು ನಾಯಿಯ ಲೆಕ್ಕ. ನಾಳೆ ಇನ್ನೂ ಜೋರಾಗಿ ಬೊಗಳುತ್ತದೆ. ಹೀಗಿರುವಾಗ ಆ ನಾಯಿಗೆ ಶಿಕ್ಷಣವೇ ಆಗಿಲ್ಲ ಎನ್ನುವುದು ಸರಿಯಾದ ಮಾತಲ್ಲ. ಇಡೀ ಆಫೀಸೇ ಅದರ ಮೇಷ್ಟ್ರಾಗಿದೆ, ಒಬ್ಬೊಬ್ಬ ಮೇಷ್ಟ್ರದೂ ಒಂದೊಂದು ಪಾಠ.

ನಾಯಿಗೂ ಇದು ಸುಖವಲ್ಲ. ದಿನದ ಅರ್ಧಭಾಗ ಮಲಗಿ ಕಳೆಯುವ ಪ್ರಾಣಿ ಅದು. ಅದನ್ನು ಹತ್ತಾರು ಜನರ ವಾಸನೆ, ಫೋನಿನ ಸದ್ದು, ತೆರೆದು ಮುಚ್ಚುವ ಬಾಗಿಲುಗಳ ನಡುವೆ ಎಂಟು ತಾಸು ಕೂರಿಸುತ್ತೇವೆ. ನಿದ್ದೆಯಿಲ್ಲದಿದ್ದರೂ ಆಕಳಿಸುವುದು, ಮತ್ತೆ ಮತ್ತೆ ತುಟಿ ನೆಕ್ಕುವುದು, ಮುಟ್ಟಲು ಹೋದರೆ ಮುಖ ತಿರುಗಿಸುವುದು ಬಹುಮಟ್ಟಿಗೆ ಅದರ ಸಂಕಟದ ಗುರುತುಗಳು. ನಾವು ಅದನ್ನು ಮುದ್ದು ಎಂದುಕೊಂಡು ಫೋಟೋ ತೆಗೆಯುತ್ತೇವೆ.

ನನ್ನನ್ನು ಹೆಚ್ಚು ಕಾಡುವುದು ಬೇರೆಯವರ ಸಂಕಟ. ಮೂಲೆಯಲ್ಲಿ ಉಚ್ಚೆ ಹೊಯ್ದಾಗ ಒರೆಸುವವರು ಹೌಸ್‌ಕೀಪಿಂಗ್ ಅಕ್ಕ. ಅವರ ಕೆಲಸದ ಕರಾರಿನಲ್ಲಿ ಇದು ಇತ್ತೇ? ಯಾರೂ ಕೇಳಿಲ್ಲ. ಸೆಕ್ಯುರಿಟಿಯವರು ಬಾಗಿಲು ತೆರೆಯುವಾಗ ಮೈ ಬಿಗಿಹಿಡಿದು ನಿಲ್ಲುತ್ತಾರೆ. ನಮ್ಮ ಊರುಗಳಲ್ಲಿ ನಾಯಿಯ ಭಯವನ್ನು ಮನಸ್ಸಿನ ದೌರ್ಬಲ್ಯ ಎಂದು ತಳ್ಳಿಹಾಕುವಂತಿಲ್ಲ. ಹುಚ್ಚುನಾಯಿ ಕಡಿತದ ರೋಗ ಲಕ್ಷಣ ತೋರಿದ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಅಪರೂಪ, ಜಗತ್ತಿನಲ್ಲಿ ಅದರಿಂದ ಸಾಯುವವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನ ಭಾರತದವರು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಲಸಿಕೆ ಹಾಕಿಸಿದ ಲ್ಯಾಬ್ರಡಾರ್‌ನಿಂದ ಆ ಅಪಾಯ ಇಲ್ಲದಿರಬಹುದು, ಆದರೆ ಬೀದಿನಾಯಿಗೆ ಹೆದರಿ ಬೆಳೆದ ಮೈಗೆ ಆ ವ್ಯತ್ಯಾಸ ಹೇಗೆ ತಿಳಿಯಬೇಕು? ಮಧ್ಯಾಹ್ನದ ನಮಾಜಿಗೆ ಹೊರಟವರ ಬಟ್ಟೆಗೆ ಜೊಲ್ಲು ತಗುಲಿದರೆ ಅವರು ಅದನ್ನು ತೊಳೆದುಕೊಂಡೇ ಹೋಗಬೇಕು. ಉಬ್ಬಸ ಇರುವವರಿಗೆ ಕೂದಲಿನ ಕಾಟ. ಇವರಲ್ಲಿ ಯಾರೂ ಬಾಯಿಬಿಟ್ಟು ಬೇಡವೆನ್ನಲಿಲ್ಲ. ನಾಯಿಯನ್ನು ಇಷ್ಟಪಡದವರು ಒಳ್ಳೆಯವರಲ್ಲ ಎಂಬ ಗಾಳಿಯೊಂದು ಈಗಿನ ಆಫೀಸುಗಳಲ್ಲಿ ಬೀಸುತ್ತಿರುತ್ತದೆ. ಸಂಬಳ ಕಡಿಮೆಯಿದ್ದಷ್ಟೂ ಆ ಗಾಳಿಯ ಎದುರು ಮಾತಾಡುವುದು ಕಷ್ಟ.

ಈ ಮೌನಕ್ಕೆ ನಾವು ಸಹನೆ ಎಂಬ ಒಳ್ಳೆಯ ಹೆಸರು ಕೊಡುತ್ತೇವೆ. ನನಗೆ ಹಾಗನಿಸುವುದಿಲ್ಲ. ಸಹನೆಯಲ್ಲಿ ಎದುರಿನವನ ಬಗ್ಗೆ ಅಕ್ಕರೆ ಇರುತ್ತದೆ. ಯಜಮಾನನ ಎದುರು ನಕ್ಕು, ಅವನು ಎದ್ದು ಹೋದ ಮೇಲೆ ನಾಯಿಯನ್ನು ಕಾಲಿನಿಂದ ಸರಿಸುವುದರಲ್ಲಿ ಅಕ್ಕರೆ ಎಲ್ಲಿದೆ? ಮನುಷ್ಯನಿಗೆ ಹೇಳಲಾಗದ ಮಾತನ್ನು ನಾಯಿಯ ಬೆನ್ನಿನ ಮೇಲೆ ಹಾಕಿದ್ದಾಯಿತು, ಅಷ್ಟೆ. ಜನಮೇಜಯನ ತಮ್ಮಂದಿರ ಪೆಟ್ಟು ಬಿದ್ದದ್ದೂ ತಪ್ಪಿಲ್ಲದ ಮರಿಯ ಮೇಲೆಯೇ.

ಹಾಗಾದರೆ ನಾಯಿಯ ತಪ್ಪಿನ ಹೊಣೆ ಯಾರದು? ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲೊಂದಿದೆ. ಕ್ರಿ.ಶ. 949–50ರ ಸುಮಾರಿನದು. ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗನ ಕಡೆಯ ಮಣಲೆರ ಎಂಬ ವೀರ ಮೆರೆದಾಗ, ಬೇಕಾದ್ದು ಕೇಳಿಕೋ ಎಂದದ್ದಕ್ಕೆ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಅಲ್ಲಿನ ಶೈವ ಪೂಜಾರಿಗೆ, ನಾಯಿ ಮಾಡಿದ ಪಾಪ ತಟ್ಟುತ್ತದೆ ಎಂದು ಶಾಸನ ಹೇಳುತ್ತದೆ. ಈ ಮಾತಿನ ಮುಂದೆ ನಾನು ಎಷ್ಟೋ ಹೊತ್ತು ನಿಂತಿದ್ದೇನೆ. ನಾಯಿಯ ಪಾಪ ನಾಯಿಯಲ್ಲೇ ಉಳಿಯುವುದಿಲ್ಲ. ಅದರ ಹೊಣೆ ಹೊತ್ತ ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ. ಸಾವಿರ ವರ್ಷದ ಹಿಂದಿನ ಕನ್ನಡಿಗರಿಗೆ ಇದು ತಿಳಿದಿತ್ತು. ಇಂದಿನ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಕೂಡ, ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗಿನ ಸಜೆ ಅಥವಾ ಐದು ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ ಎನ್ನುತ್ತದೆ. ಆದರೆ ಕಲಮು ನಮಗೆ ನೆನಪಾಗುವುದು ಸಾಮಾನ್ಯವಾಗಿ ಕಚ್ಚಿದ ಮೇಲೆ. ಅದಕ್ಕೆ ಮುಂಚಿನ ನೂರು ದಿನಗಳಲ್ಲಿ ಮಾತೊಂದೇ ಕೆಲಸಕ್ಕೆ ಬರುವಂಥದು.

ನಮ್ಮಲ್ಲಿ ಆ ಮಾತು ಆಡಿದವರು ಅಕೌಂಟ್ಸ್ ವಿಭಾಗದ ಹಿರಿಯ ಮೇಡಂ. ಟೀ ಕುಡಿಯುವಾಗ ಅವನನ್ನು ಪಕ್ಕಕ್ಕೆ ಕರೆದು, "ನೋಡಪ್ಪಾ, ನಿನ್ನ ನಾಯಿ ಕಂಡ್ರೆ ನಂಗೂ ಪ್ರೀತಿನೇ. ಆದ್ರೆ ಅಕ್ಕ ದಿನಾ ಒರೆಸ್ತಾರೆ, ಗೇಟಿನವ್ರು ಹೆದರ್ಕೊಂಡು ನಿಲ್ತಾರೆ. ಅದಕ್ಕೂ ಇಲ್ಲಿ ನೆಮ್ಮದಿ ಇಲ್ಲ. ಏನಾದ್ರೂ ಮಾಡು" ಎಂದರು. ಅವನು ಸಿಟ್ಟಾಗಲಿಲ್ಲ. "ಇಷ್ಟು ದಿನ ಯಾರೂ ಹೇಳ್ಲೇ ಇಲ್ವಲ್ಲ ಮೇಡಂ, ಎಲ್ರಿಗೂ ಇಷ್ಟ ಅಂದ್ಕೊಂಡಿದ್ದೆ" ಎಂದ. ತರಬೇತಿ ಕೊಡುವವರನ್ನು ಹುಡುಕಿದ. ಈಗ ನಾಯಿ ಕೆಲವು ದಿನ ಮಾತ್ರ ಬರುತ್ತದೆ, ಅವನ ಮೇಜಿನ ಪಕ್ಕ ಚಾಪೆಯ ಮೇಲೆ ಹಗ್ಗ ಕಟ್ಟಿಸಿಕೊಂಡು ಕೂರುತ್ತದೆ. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮುಟ್ಟಬೇಕೆಂದು ನಮಗೆಲ್ಲ ಹೇಳಿದ್ದಾನೆ, ನೆಲವನ್ನು ಅವನೇ ಒರೆಸುತ್ತಾನೆ. ಕೊರಿಯರ್ ಹುಡುಗರ ಮೇಲಿನ ಬೊಗಳಾಟ ಇನ್ನೂ ಪೂರ್ತಿ ನಿಂತಿಲ್ಲ.

ನಿಮ್ಮ ಆಫೀಸಿನಲ್ಲೂ ಇಂಥದೊಂದು ನಾಯಿ ಇದ್ದರೆ ಅದನ್ನು ಗದರಬೇಡಿ, ಗುಂಪಿನಲ್ಲಿ ಅದರ ಯಜಮಾನನನ್ನು ಆಡಿಕೊಳ್ಳಬೇಡಿ. ನೇರ ಅವನ ಬಳಿ ಹೋಗಿ ಇವತ್ತೇ ಮಾತಾಡಿ. ಮಾತಾಡುವಾಗ ನೆಲ ಒರೆಸುವವರ ಮತ್ತು ಬಾಗಿಲು ಕಾಯುವವರ ಕಷ್ಟವನ್ನು ಮೊದಲು ಹೇಳಿ. ಅವರಾಗಿ ಬಂದು ಹೇಳುವುದಿಲ್ಲ.