ವಸಂತವನ್ನು ಬೆನ್ನಟ್ಟುವ ಬೇಟೆಗಾರ

ಒಂದು ಕಾರ್ಯವು ಕಾಯಿದೆಗೆ ಒಪ್ಪಿತೆಂದ ಮಾತ್ರಕ್ಕೆ ಧರ್ಮಕ್ಕೂ ಒಪ್ಪಿತೆಂದು ಹೇಳಬಹುದೇ? ಈ ಹಳೆಯ ಪ್ರಶ್ನೆಯನ್ನು ಒಂದು ಉದಾಹರಣೆಯ ಮೂಲಕ ವಿಚಾರಿಸಬೇಕೆಂದು ನಮ್ಮ ಉದ್ದೇಶ. ಉದಾಹರಣೆಯು ದೂರದೇಶದ್ದು, ಪ್ರಶ್ನೆಯು ಎಲ್ಲ ದೇಶಗಳಿಗೂ ಸಲ್ಲತಕ್ಕದ್ದು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಲಾಸ್ಕವೊಂದನ್ನುಳಿದು ಮಿಕ್ಕ 49ರಲ್ಲಿಯೂ ಕಾಡು ಟರ್ಕಿಕೋಳಿ ಉಂಟು. ವಸಂತಕಾಲದಲ್ಲಿ ಅದರ ಗಂಡನ್ನು ಬೇಟೆಯಾಡಲು ಅನುಮತಿಯಿದೆ. ಬೆಳಗಾಗುವ ಮುನ್ನವೇ ಬೇಟೆಗಾರನು ಮರದ ಬುಡಕ್ಕೆ ಬೆನ್ನುಕೊಟ್ಟು ಕುಳಿತು, ಸಣ್ಣದೊಂದು ಮರದ ಪೆಟ್ಟಿಗೆಯ ಮುಚ್ಚಳವನ್ನು ಉಜ್ಜಿಯೋ ಸ್ಲೇಟಿನ ಮೇಲೆ ಕಡ್ಡಿಯಾಡಿಸಿಯೋ ಹೆಣ್ಣಿನ ದನಿಯನ್ನು ಹೊರಡಿಸುತ್ತಾನೆ. ಗಂಡು ಕೂಗಿದರೆ ಹೆಣ್ಣು ಬಳಿಸಾರುವುದೇ ಆ ಜಾತಿಯ ವಾಡಿಕೆ. ಇಲ್ಲಿ ಗಂಡನ್ನೇ ಬರಮಾಡಿಕೊಳ್ಳಬೇಕು. ನಮ್ಮ ಹಿಂದಿನ ಬೇಟೆಗಾರರು ಮೃಗವನ್ನು ಸೆಳೆಯುವುದಕ್ಕೆ ಸಾಕಿದ ಮೃಗವನ್ನು ಒಡ್ಡುತ್ತಿದ್ದರು. ಅದಕ್ಕೆ ‘ದೀವ’ವೆಂದು ಹೆಸರು. ಅಲ್ಲಿಯವರ ದೀವವು ಬರಿಯ ದನಿ.

ಈ ಬೇಟೆಯ ಕಾಲವು ಫ್ಲಾರಿಡದ ದಕ್ಷಿಣಭಾಗದಲ್ಲಿ ಮಾರ್ಚಿಯಲ್ಲಿ ತೊಡಗಿ, ಬಿಸಿಲಿನೊಡನೆ ಉತ್ತರಕ್ಕೆ ಸರಿಯುತ್ತ, ಮೇನ್ ಸಂಸ್ಥಾನವನ್ನು ಮುಟ್ಟುವಾಗ ಮೇ ತಿಂಗಳಾಗಿರುತ್ತದೆ. ಆದಕಾರಣ ಹಣವೂ ಬಿಡುವೂ ಉಳ್ಳವನು ಒಂದು ವರ್ಷಕ್ಕೆ ಹಲವು ವಸಂತಗಳನ್ನು ಪಡೆಯಬಲ್ಲನು. ಆ ದೇಶದ ಟರ್ಕಿಗಳಲ್ಲಿ ಈಸ್ಟರ್ನ್, ಆಸಿಯೋಲ, ರಿಯೊ ಗ್ರ್ಯಾಂಡ್, ಮೆರಿಯಮ್ಸ್ ಎಂಬ ನಾಲ್ಕು ಉಪಜಾತಿಗಳು ಪ್ರಸಿದ್ಧ. ಆಸಿಯೋಲವು ಫ್ಲಾರಿಡದಲ್ಲಿ ಮಾತ್ರವೇ ದೊರೆಯುವುದು. ಮೆರಿಯಮ್ಸಿಗೆ ಪಶ್ಚಿಮದ ಬೆಟ್ಟಗಳಿಗೆ ಹೋಗಬೇಕು. ನಾಲ್ಕನ್ನೂ ಹೊಡೆದವನಿಗೆ ‘ಗ್ರ್ಯಾಂಡ್ ಸ್ಲ್ಯಾಮ್’ ಎಂಬ ಹೆಗ್ಗಳಿಕೆ. 49 ಸಂಸ್ಥಾನಗಳಲ್ಲಿಯೂ ಒಂದೊಂದನ್ನು ಕೆಡಹಬೇಕೆಂಬ ಹಂಬಲದವರೂ ಇದ್ದಾರೆ.

ಇಲ್ಲಿ ಸ್ಥಳಿಕನು ಕೇಳುತ್ತಾನೆ: “ನಮ್ಮ ಕಾಡಿನ ಹಕ್ಕಿಯಲ್ಲಿ ಪರಸ್ಥಳದವನಿಗೆ ಏನು ಪಾಲು?” ಕಾಯಿದೆಯು ಬಹುಮಟ್ಟಿಗೆ ಅವನ ಪಕ್ಷವನ್ನೇ ಹಿಡಿದಿದೆ. ಮಾಂಟಾನ ಸಂಸ್ಥಾನವು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಗಿನವರಿಂದ ಹೆಚ್ಚು ಶುಲ್ಕವನ್ನು ಪಡೆಯುವುದು ತಪ್ಪಲ್ಲವೆಂದು ಆ ದೇಶದ ಪರಮೋಚ್ಚ ನ್ಯಾಯಾಲಯವು 1978ರಲ್ಲಿ ತೀರ್ಪಿತ್ತಿತು.

ಆದರೆ ‘ನಮ್ಮ ಹಕ್ಕಿ’ಯೆಂಬ ಮಾತು ಎಷ್ಟರಮಟ್ಟಿಗೆ ನಿಜ? ಇಪ್ಪತ್ತನೆಯ ಶತಮಾನದ ಆದಿಭಾಗಕ್ಕೆ ಕಾಡು ಕಡಿದುದರಿಂದಲೂ ಮಿತಿಯಿಲ್ಲದ ಬೇಟೆಯಿಂದಲೂ ಈ ಹಕ್ಕಿಯು ಅನೇಕ ಸಂಸ್ಥಾನಗಳಲ್ಲಿ ಅಳಿದೇಹೋಗಿತ್ತು. ಸಾಕಿ ಬೆಳೆಸಿದ ಹಕ್ಕಿಗಳನ್ನು ಬಿಟ್ಟುನೋಡಿದರು; ಅವು ಬಾಳಲಿಲ್ಲ. ಕೊನೆಗೆ ಉಳಿದೆಡೆಗಳಲ್ಲಿ ಕಾಡುಹಕ್ಕಿಗಳನ್ನೇ ಬಲೆ ಬೀಸಿ ಹಿಡಿದು, ಬರಿದಾದ ಕಾಡುಗಳಿಗೆ ಒಯ್ದು ಬಿಟ್ಟರು. ದಕ್ಷಿಣ ಡಕೋಟದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ ಇಂದು ಕೂಗುವ ಟರ್ಕಿಗಳು, 1948ರಿಂದ 1951ರವರೆಗೆ ನ್ಯೂ ಮೆಕ್ಸಿಕೊ ಕೊಲರಾಡೊಗಳಿಂದ ತಂದು ಬಿಟ್ಟ ಕೆಲವೇ ಹಕ್ಕಿಗಳ ಸಂತಾನ. ಈ ಬಗೆಯ ಕಾರ್ಯಗಳಿಗೆ ಹಣವೊದಗಿದುದೂ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಂತೆ ದೇಶದಾದ್ಯಂತ ಕೋವಿ ಮದ್ದುಗುಂಡುಗಳ ಮೇಲೆ ಎತ್ತಿದ ತೆರಿಗೆಯಿಂದ. ಹೀಗೆ ಹಕ್ಕಿಯೇ ಪರಸ್ಥಳದಿಂದ ಬಂದ ಅತಿಥಿಯಾಗಿರುವಾಗ, ಪರಸ್ಥಳದವನೆಂಬ ಒಂದೇ ಕಾರಣದಿಂದ ಬೇಟೆಗಾರನನ್ನು ದೂರುವುದು ಉಚಿತವಲ್ಲ. ಅವನ ದೋಷವನ್ನು, ಇದ್ದರೆ, ಬೇರೆಡೆಯಲ್ಲಿ ಹುಡುಕಬೇಕು.

ಮಹಾಭಾರತದ ಆದಿಪರ್ವದಲ್ಲಿ ಪಾಂಡುರಾಜನು ಕೂಡುತ್ತಿದ್ದ ಜಿಂಕೆಗಳಿಗೆ ಬಾಣವೆಸೆದ ಕಥೆಯು ವಾಚಕರಿಗೆಲ್ಲ ತಿಳಿದದ್ದೇ. ಮೃಗರೂಪಿನಲ್ಲಿದ್ದ ಕಿಂದಮ ಋಷಿಯು ಬೇಟೆಯನ್ನೇ ನಿಂದಿಸಲಿಲ್ಲ. ಕೂಟವು ಮುಗಿಯುವವರೆಗೂ ಕಾಯದೆ ಹೋದುದನ್ನು ನಿಂದಿಸಿದನು. ಜೀವಶಾಸ್ತ್ರಜ್ಞನ ಲೆಕ್ಕವು ಬೇರೆ: ಟರ್ಕಿಯಲ್ಲಿ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವುದು, ಸುಮಾರು 28 ದಿನ ಕಾವು ಕೊಡುವವಳೂ ಮರಿ ಸಾಕುವವಳೂ ತಾಯಿಯೊಬ್ಬಳೇ, ಆದುದರಿಂದ ಕೂಟವಾದ ಮೇಲೆ ಗಂಡುಗಳಲ್ಲಿ ಕೆಲವು ಹೋದರೆ ಸಂತತಿಗೆ ಕುಂದಿಲ್ಲ. ಶಾಸ್ತ್ರಜ್ಞನು ಎಣಿಸುವುದು ಮರಿಗಳನ್ನು. ಋಷಿಯು ನೋಡುವುದು ಕೊಲ್ಲುವವನ ಮನಸ್ಸನ್ನು. ವಿಚಿತ್ರವೆಂದರೆ, ಕಾಯಬೇಕೆಂಬುದರಲ್ಲಿ ಇಬ್ಬರೂ ಈಗ ಸಮೀಪಕ್ಕೆ ಬರುತ್ತಿದ್ದಾರೆ. ಆಗ್ನೇಯದ ಹಲವೆಡೆ ಹಕ್ಕಿಗಳು ಕಡಿಮೆಯಾಗಲು, ಜಾರ್ಜಿಯ ಸಂಸ್ಥಾನವು 2022ರಲ್ಲಿ ಬೇಟೆಯ ಆರಂಭವನ್ನು ಮುಂದಕ್ಕೆ ಹಾಕಿ, ಒಬ್ಬನಿಗೆ ಮೂರಿದ್ದ ಮಿತಿಯನ್ನು ಎರಡಕ್ಕಿಳಿಸಿತು.

ಕಾಯುವ ಈ ಗುಣವೇ ಪರಸ್ಥಳದವನಿಗೆ ದುರ್ಲಭವಾದುದು. ಸ್ಥಳಿಕನು ವಸಂತವನ್ನು ಮಾತ್ರ ಕಾಣುವುದಿಲ್ಲ. ಹುಲ್ಲಿನಲ್ಲಡಗಿದ ಗೂಡನ್ನು ಕಾಣುತ್ತಾನೆ. ಇನ್ನೂ ಹಾರಲಾರದ ಮರಿಗಳು ತಣ್ಣನೆಯ ಮಳೆಗೆ ಸಿಕ್ಕಿ ಸಾಯುವುದನ್ನು ಕಾಣುತ್ತಾನೆ. ಹಿಮಗಾಲದಲ್ಲಿ ಗುಂಪು ಕರಗಿದುದನ್ನು ಕಾಣುತ್ತಾನೆ. ಕಂಡವನು, ಈ ವರ್ಷ ಬೇಡವೆಂದು ಕೋವಿಯನ್ನು ಗೋಡೆಗೆ ಒರಗಿಸಿಯಾನು. ಸ್ಥಳಿಕರೆಲ್ಲರೂ ಸಂಯಮಿಗಳೆಂದು ನಾವು ಹೇಳುತ್ತಿಲ್ಲ. ಸಂಯಮಕ್ಕೆ ಬೇಕಾದ ಅರಿವು ಅವರಿಗೆ ಕಣ್ಣೆದುರಿಗಿದೆಯೆಂದು ಮಾತ್ರ ಹೇಳುತ್ತೇವೆ. ವಸಂತವನ್ನು ಬೆನ್ನಟ್ಟಿ ಹೋಗುವವನಾದರೋ ಮೂರು ತಿಂಗಳಲ್ಲಿ ಹತ್ತು ವಸಂತಗಳನ್ನು ನೋಡಿ, ಒಂದು ಬೇಸಗೆಯನ್ನೂ ನೋಡನು. ತೆತ್ತ ಶುಲ್ಕ, ಬಂದ ದೂರ, ಉಳಿದಿರುವ ಎರಡು ದಿನ, ಇವೆಲ್ಲವೂ ಅವನ ಬೆರಳನ್ನು ಕೋವಿಯ ಕುದುರೆಗೆ ಒತ್ತುತ್ತವೆ. ಜಾತ್ರೆಯ ದಿನ ಬಂದು ಪ್ರಸಾದವನ್ನುಂಡು ಹೋಗುವವನಿಗೆ ಗುಡಿಯಲ್ಲಿ ಪಾಲಿಲ್ಲವೆಂದಲ್ಲ. ವರ್ಷವೆಲ್ಲ ದೀಪಕ್ಕೆ ಎಣ್ಣೆ ಹೊಯ್ಯುವವರು ಯಾರೆಂಬುದು ಅವನಿಗೆ ನೆನಪಿರಬೇಕು.

ಹಿಂಸೆಯೇ ಕೂಡದೆಂಬ ವ್ರತವುಳ್ಳವರು, ‘ಕೊಲೆಯಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ಭೇದವೇನು?’ ಎಂದು ಕೇಳಬಹುದು. ಅವರ ವ್ರತಕ್ಕೆ ನಮ್ಮ ವಂದನೆ. ಆದರೂ ಜಗತ್ತಿನ ಬಹುಜನರು ಆ ವ್ರತದಲ್ಲಿಲ್ಲ. ಇಲ್ಲದವರ ನಡತೆಯಲ್ಲಿಯೂ ಮೇಲು ಕೀಳುಗಳು ಉಂಟು. ಕಿಂದಮನ ಮಾತು ಅಂಥವರಿಗಾಗಿಯೇ ಹೇಳಿದ್ದು.

ಆದುದರಿಂದ ದೂರದ ಬೇಟೆಗಾರನನ್ನು ಅಳೆಯಲು ನಮಗೆ ಒಂದೇ ಒರೆಗಲ್ಲು ತೋರುತ್ತದೆ: ಅವನು ಬರಿಗೈಯಲ್ಲಿ ಹಿಂದಿರುಗಬಲ್ಲನೇ? ಕೂಗಿಗೆ ಓಗೊಟ್ಟು ಬಂದ ಹಕ್ಕಿಯನ್ನು ಕಂಡು, ಈ ಕಾಡಿನಲ್ಲಿ ಇವು ಕೆಲವೇ ಉಳಿದಿವೆಯೆಂದು ಸ್ಥಳಿಕರಿಂದ ಕೇಳಿದ್ದು ನೆನಪಾಗಿ, ಕೋವಿಯನ್ನಿಳಿಸಿ, ಬಂದುದು ಸಾರ್ಥಕವಾಯಿತೆಂದು ತಿಳಿಯಬಲ್ಲನೇ? ಬಲ್ಲವನಾದರೆ ಅವನು ಯಾವ ಸಂಸ್ಥಾನಕ್ಕೆ ಹೋದರೂ ಪರಕೀಯನಲ್ಲ. ಲೆಕ್ಕ ತುಂಬಿಸುವುದಕ್ಕಾಗಿಯೇ ಹೋದವನಾದರೆ, ಪರವಾನಗಿಯು ಜೇಬಿನಲ್ಲಿದ್ದರೂ ಅವನು ತನ್ನ ಊರ ಕಾಡಿನಲ್ಲಿಯೂ ಪರಕೀಯನೇ.