ತಂದೆಯಂತಾಗುವ ಭಯ

ತಂದೆಯ ಗುಣಗಳನ್ನು ಅನುಸರಿಸುವುದು ಮಗನ ಕರ್ತವ್ಯವೆಂದು ಲೋಕವು ಹೇಳುತ್ತದೆ. ಆದರೆ ತಂದೆಯು ಬಾಳಿನಲ್ಲಿ ಸೋತವನಾಗಿದ್ದರೆ ಮಗನು ಮಾಡಬೇಕಾದುದೇನು? ಅವನಂತಾಗಬಾರದೆಂಬ ಭಯವೊಂದೇ ಮನುಷ್ಯನನ್ನು ಸನ್ಮಾರ್ಗದಲ್ಲಿ ನಿಲ್ಲಿಸಬಲ್ಲುದೇ? ನೈಜೀರಿಯದ ಸಾಹಿತಿ ಚಿನುವಾ ಅಚೆಬೆಯವರು (1930–2013) ಬರೆದು 1958ರಲ್ಲಿ ಪ್ರಕಟವಾದ ‘ಥಿಂಗ್ಸ್ ಫಾಲ್ ಅಪಾರ್ಟ್’ ಎಂಬ ಇಂಗ್ಲಿಷ್ ಕಾದಂಬರಿಯು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಕಥೆಯು ಇಗ್ಬೊ ಜನರ ಉಮುವೋಫಿಯಾ ಎಂಬಲ್ಲಿ ನಡೆಯುತ್ತದೆ. ಕಥಾನಾಯಕ ಒಕೊಂಕ್ವೊನ ತಂದೆ ಉನೋಕಾ ಕೊಳಲೂದುವುದರಲ್ಲಿ ನಿಪುಣನು, ಮೃದುಸ್ವಭಾವದವನು. ಆದರೆ ಸೋಮಾರಿ, ನೆರೆಹೊರೆಯವರಲ್ಲೆಲ್ಲ ಸಾಲ ಮಾಡಿದವನು. ಅವನಿಗೆ ಒಂದು ಬಿರುದೂ ಇರಲಿಲ್ಲ. ಒಕೊಂಕ್ವೊ ಬಾಲಕನಾಗಿದ್ದಾಗ ಜೊತೆಯ ಹುಡುಗನೊಬ್ಬನು ಉನೋಕಾನನ್ನು ‘ಅಗ್ಬಾಲ’ ಎಂದು ಹಳಿದನು. ಆ ಶಬ್ದಕ್ಕೆ ಹೆಂಗಸೆಂದೂ, ಬಿರುದಿಲ್ಲದ ಗಂಡಸೆಂದೂ ಅರ್ಥ. ಅದು ಮಗನ ಎದೆಯಲ್ಲಿ ಮುಳ್ಳಾಗಿ ನಿಂತಿತು. ತಂದೆಯು ಪ್ರೀತಿಸಿದ್ದನ್ನೆಲ್ಲ ದ್ವೇಷಿಸುವುದೇ ಅವನ ನೇಮವಾಯಿತು.

ಆ ಭಯದಿಂದ ಫಲವೇ ದೊರೆಯಲಿಲ್ಲವೆನ್ನಲಾಗದು. ಪಿತ್ರಾರ್ಜಿತವಾಗಿ ಏನನ್ನೂ ಪಡೆಯದವನು ಬೀಜದ ಯಾಮ್ ಗೆಡ್ಡೆಗಳನ್ನು ಕಡ ತಂದು ಬೆಳೆದನು, ಕಣಜ ತುಂಬಿಸಿದನು, ಊರಿನಲ್ಲಿ ಮಾನ್ಯನಾದನು. ಆದರೆ ಭಯಕ್ಕೆ ವಿವೇಕವಿಲ್ಲ. ಉನೋಕಾನಲ್ಲಿ ತ್ಯಾಜ್ಯವಾಗಿದ್ದುದು ಆಲಸ್ಯ. ಮಗನು ಅದರೊಡನೆ ಮಾರ್ದವವನ್ನೂ ತೊರೆದನು. ಬಿತ್ತನೆಗೆ ಮುನ್ನ ಆ ಜನರು ಆಚರಿಸುವ ಶಾಂತಿಯ ವಾರದಲ್ಲಿ ಬಿರುನುಡಿಯೂ ಸಲ್ಲದು. ಕೋಪಗೊಂಡ ಒಕೊಂಕ್ವೊ ಆ ವಾರದಲ್ಲಿಯೇ ಹೆಂಡತಿಯನ್ನು ಹೊಡೆದನು. ತಂದೆಗೆ ವಿರುದ್ಧವಾಗಿ ಹೊಲದಲ್ಲಿ ವರ್ಷವಿಡೀ ದುಡಿಯಬಲ್ಲವನಿಗೆ ಒಂದು ವಾರ ತನ್ನನ್ನು ತಾನು ತಡೆದುಕೊಳ್ಳುವುದು ಸಾಧ್ಯವಾಗಲಿಲ್ಲ.

ಅದಕ್ಕಿಂತ ಘೋರವಾದುದು ಮುಂದಿದೆ. ಇಕೆಮೆಫುನ ಎಂಬ ಬಾಲಕನು ಮೂರು ವರ್ಷ ಅವನ ಮನೆಯಲ್ಲಿ ಬೆಳೆದು ಅವನನ್ನು ತಂದೆಯೆಂದೇ ಕರೆಯುತ್ತಿದ್ದನು. ಅವನನ್ನು ಕೊಲ್ಲಬೇಕೆಂದು ದೇವವಾಣಿಯಾದಾಗ, ಆ ಕೃತ್ಯಕ್ಕೆ ಕೈಯಿಡಬೇಡವೆಂದು ಹಿರಿಯನೊಬ್ಬನು ಒಕೊಂಕ್ವೊನನ್ನು ಎಚ್ಚರಿಸಿದ್ದನು. ಮಿತ್ರನಾದ ಒಬಿಯೆರಿಕ ಜೊತೆಗೆ ಹೋಗದೆ ಮನೆಯಲ್ಲಿಯೇ ಉಳಿದನು. ಅದರಿಂದ ಅವನ ಮಾನವೇನೂ ಕುಂದಲಿಲ್ಲ. ಆದರೂ ದುರ್ಬಲನೆನಿಸಿಕೊಳ್ಳುವ ಅಂಜಿಕೆಯಿಂದ ಒಕೊಂಕ್ವೊ ತಾನೇ ಕತ್ತಿಯೆತ್ತಿದನು. ಲೋಕವು ಅದನ್ನು ಧೈರ್ಯವೆಂದು ಬಗೆಯಬಹುದು. ನಿಜವಾಗಿ ಅವನ ಬಾಳಿನಲ್ಲಿ ಅದಕ್ಕಿಂತ ಹೇಡಿತನದ ಕೆಲಸ ಮತ್ತೊಂದಿಲ್ಲ. ಅದನ್ನರಿತ ಸ್ವಂತ ಮಗ ನ್ವೊಯೆಯ ಹೃದಯವು ಒಳಗೇ ಮುರಿಯಿತು. ಕೊನೆಗೆ ಅವನು ತಂದೆಯನ್ನು ತೊರೆದು ಹೋದನು. ತಂದೆಯನ್ನು ತಿರಸ್ಕರಿಸುವ ಪಾಠವು ಹೀಗೆ ಮುಂದಿನ ತಲೆಮಾರಿಗೂ ಸಂದಿತು.

ಉನೋಕಾ ನಿಷಿದ್ಧ ರೋಗದಿಂದ ಅರಣ್ಯದಲ್ಲಿ ಸತ್ತು ಸಮಾಧಿಯಿಲ್ಲದೆ ಹೋದನು. ಒಕೊಂಕ್ವೊ ನೇಣು ಹಾಕಿಕೊಂಡನು. ಕುಲದವರು ಅವನ ದೇಹವನ್ನು ಮುಟ್ಟಲಾರದೆ ಪರಕೀಯರ ಕೈಗೆ ಒಪ್ಪಿಸಿದರು. ಬಾಳೆಲ್ಲ ತಂದೆಯಿಂದ ದೂರ ಓಡಿದವನು ತಂದೆಯ ಅಪಮಾನದ ಅಂತ್ಯವನ್ನೇ ಸೇರಿದನು.

ರಾಗದಂತೆ ದ್ವೇಷವೂ ಬಂಧನವೇ. ತಂದೆಯನ್ನು ದ್ವೇಷಿಸುವವನು ಪ್ರತಿ ಹೆಜ್ಜೆಯಲ್ಲಿಯೂ ತಂದೆಯನ್ನೇ ನೋಡುತ್ತಿರುತ್ತಾನೆ. ದೋಷವನ್ನು ದೋಷವೆಂದರಿತು ಬಿಡುವುದು ಬೇರೆ, ಜನರ ನಾಲಗೆಗೆ ಅಂಜಿ ಬಿಡುವುದು ಬೇರೆ. ಉನೋಕಾನ ಮಗನಿಗೆ ಸಾಲವನ್ನು ಬಿಟ್ಟು ಕೊಳಲನ್ನು ಉಳಿಸಿಕೊಳ್ಳಲು ಅವಕಾಶವಿತ್ತು. ಸೋತ ಹಿರಿಯರಿರುವ ಮನೆಯ ಮಕ್ಕಳು ಆ ಎರಡನ್ನೂ ಬೇರ್ಪಡಿಸಿ ನೋಡಲು ಕಲಿಯಬೇಕು.